ಖಾನ್ ಎಲ್-ಖಲೀಲಿಯ ‘ದಂತದ’ ದೋಣಿ: ತಲೆಕೆಳಗು ಮಾಡಿ ನೋಡಿ ಕೊಳ್ಳಿ

ಕೈರೋದ ಖಾನ್ ಎಲ್-ಖಲೀಲಿ ಪೇಟೆಯಲ್ಲಿ ‘ಫೇರೋ ಕಾಲದ ದಂತದ ದೋಣಿ’ಯ ಪ್ರತಿಕೃತಿಯೆಂದು ಸಿಗುವ ಕೆತ್ತನೆಗಳು ಸಾಮಾನ್ಯವಾಗಿ ಒಂಟೆ ಮೂಳೆಯವು. ಅಗ್ಗದವು ಪ್ಲಾಸ್ಟಿಕ್‌ನಂಥ ರೆಸಿನ್ ಸುರಿದ ಅಚ್ಚು. ಮೂಳೆಯೆಂದೇ ಹೇಳಿ ಮಾರಿದರೆ, ಜೋಡಣೆ ಗಟ್ಟಿಯಿದ್ದರೆ, ಖಂಡಿತ ಕೊಳ್ಳಬಹುದಾದ ವಸ್ತು.

ಮೊದಲು ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್ ಹಿಡಿಯಿರಿ. ಮೂಳೆಯಲ್ಲಿ ರಕ್ತನಾಳಗಳ ಗುರುತಾಗಿ ಕಪ್ಪು ಚುಕ್ಕೆಗಳು, ಸಣ್ಣ ಗೀರುಗಳು ಕಾಣುತ್ತವೆ. ಆನೆದಂತವನ್ನು ಅಡ್ಡ ಕೊಯ್ದ ಕಡೆ ಒಂದನ್ನೊಂದು ದಾಟುವ ಕಮಾನು ಗೆರೆಗಳಿರುತ್ತವೆ. ನೀರಾನೆಯ ದಂತದಲ್ಲಿ ಅವಿಲ್ಲ, ಒತ್ತೊತ್ತಾಗಿ ಅಲೆಯಂಥ ಬಳೆಗೆರೆಗಳಿವೆ. ರೆಸಿನ್ನಿನಲ್ಲಿ ಗಾಳಿಗುಳ್ಳೆ, ಅಚ್ಚಿನ ಅಂಚುಗೆರೆ. ರೆಸಿನ್ ಅಲ್ಲವೆಂದು ಅಂಗಡಿಯವ ಕಾಯಿಸಿದ ಸೂಜಿ ಚುಚ್ಚಿ ತೋರಿಸುತ್ತೇನೆಂದರೆ ಬೇಡವೆನ್ನಿ, ಆ ಕಲೆ ಹೋಗದು.

ಕೆತ್ತನೆ ಸೋಲುವುದು ಹೆಚ್ಚಾಗಿ ದೋಣಿಯ ಒಡಲಿನಲ್ಲಿ. ನೀರಾನೆಯ ಕೆಳದವಡೆಯ ಕೋರೆಹಲ್ಲು ಹುಟ್ಟಿನಿಂದಲೇ ಬಾಗಿದ್ದು, ದೋಣಿಯ ಬಾಗು ಪ್ರಾಚೀನ ಕುಶಲಿಗೆ ಅರ್ಧ ಪುಕ್ಕಟೆ. ಒಂಟೆಯ ಕಾಲುಮೂಳೆಯೋ ನೇರ, ಒಳಗೆ ಟೊಳ್ಳು. ಆದ್ದರಿಂದ ತುಂಡು ಸೇರಿಸಲೇಬೇಕು. ಮೂಳೆಯ ಬೆಣೆ ಹೊಡೆದು ಕೂಡಿಸಿದ್ದು ಉಳಿಯುತ್ತದೆ. ಬರೀ ಅಂಟು ಹಾಕಿ, ಸಂದಿಗೆ ಮೂಳೆಪುಡಿ ಮೆತ್ತಿದ್ದು ಒಣಹವೆಗೆ ಬಾಯಿಬಿಡುತ್ತದೆ. ಕೊಬ್ಬು ಸರಿಯಾಗಿ ತೆಗೆಯದ ಮೂಳೆ ಕೆಲವು ತಿಂಗಳಲ್ಲಿ ಹಳದಿ ಎಣ್ಣೆಕಲೆ ಬಿಡುತ್ತದೆ. ಒರೆಸಿದರೆ ಹೋಗುವ ಕಲೆಯಲ್ಲ ಅದು.

ದೋಣಿಯ ಹುಟ್ಟುಗಳಲ್ಲಿ ಮೂಳೆಯ ಎಳೆ ಉದ್ದುದ್ದಕ್ಕೆ ಓಡಿರಬೇಕು. ಅಡ್ಡ ಎಳೆಯದು ಬೆರಳು ತಾಕಿದರೆ ಮುರಿಯುತ್ತದೆ. ಚುಕ್ಕಾಣಿ ಬಿಚ್ಚಲು ಬಂದರೆ ಬೇರೆಯಾಗಿ ಸುತ್ತಿಸಿ ತನ್ನಿ.

ರೂಪದ ವಿಷಯದಲ್ಲಿ ಕೆತ್ತುವವರು ತಪ್ಪುವುದು ಹಾಯಿಯಲ್ಲಿ. ನೈಲ್ ಉತ್ತರಕ್ಕೆ ಹರಿಯುತ್ತದೆ, ಗಾಳಿ ಹೆಚ್ಚಾಗಿ ಉತ್ತರದಿಂದ ಬೀಸುತ್ತದೆ. ಹಾಗಾಗಿ ದಕ್ಷಿಣಕ್ಕೆ ಹೋಗುವಾಗ ಹಾಯಿ ಏರಿಸುತ್ತಿದ್ದರು; ಉತ್ತರಕ್ಕೆ ಕಂಬ ಮಲಗಿಸಿ ಹುಟ್ಟು ಹಾಕುತ್ತಿದ್ದರು. ಚಿತ್ರಲಿಪಿಯಲ್ಲೂ ದಕ್ಷಿಣಕ್ಕೆ ಹೋಗುವುದೆಂದರೆ ಹಾಯಿ ಬಿಚ್ಚಿದ ದೋಣಿಯೇ. 1920ರಲ್ಲಿ ಥೀಬ್ಸ್‌ನಲ್ಲಿ (ಇಂದಿನ ಲಕ್ಸರ್) ಪ್ರಾಚೀನ ಈಜಿಪ್ಟ್‌ನ ಅಧಿಕಾರಿ ಮೆಕೆತ್ರೆಯ ಗೋರಿಯಲ್ಲಿ ಸಿಕ್ಕ ಮರದ ದೋಣಿಗಳು ಈಗ ಕೈರೋ ಮತ್ತು ನ್ಯೂಯಾರ್ಕ್‌ನಲ್ಲಿವೆ; ಹೋಲಿಸಿ ನೋಡಲು ಅವಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ಉಬ್ಬಿದ ಹಾಯಿಯ ಕೆಳಗೇ ಎಲ್ಲರೂ ಹುಟ್ಟು ಹಾಕುತ್ತಿರುವ ಪ್ರತಿಕೃತಿ ನೋಡಲು ಚೆಂದ, ನೈಲ್‌ಗೆ ಸಲ್ಲದು. ಅಂಚಿಗೆ ಕಟ್ಟಿದ ಹುಟ್ಟು ಎಳೆಯುವವರ ಮುಖ ಹಿಂಬದಿಗೆ ಇರಬೇಕು. ಅಂಚಿಗೆ ಕಟ್ಟದೆ ಕೈಯಲ್ಲೇ ಹಿಡಿದ ಹುಟ್ಟಾದರೆ ಮುಂದಕ್ಕೆ.

ಮುಖಗಳ ಕೆತ್ತನೆ ಒಳ್ಳೆಯವುಗಳಲ್ಲಿ ನಿಜಕ್ಕೂ ಮನಸೆಳೆಯುತ್ತದೆ. ಅಂಥದ್ದನ್ನು ಬಿಸಿಲು, ಏಸಿ ಗಾಳಿಯಿಂದ ದೂರ, ಶೇಕಡ 45ರಿಂದ 55ರ ತೇವದಲ್ಲಿಡಿ. ಮೆತ್ತನೆ ಕುಂಚದಿಂದ ಧೂಳು ಕೊಡವಿ, ನೀರಲ್ಲಿ ಅದ್ದಬೇಡಿ.

‘ಇದು ಹಳೆಯ ಕಾಲದ್ದೇ’ ಎಂದು ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಹೊರಡಿ. ಈಜಿಪ್ಟ್‌ನ 1983ರ 117ನೇ ಕಾನೂನು ಪುರಾತನ ವಸ್ತುಗಳ ಮಾರಾಟವನ್ನೂ ಸಾಗಣೆಯನ್ನೂ ನಿಷೇಧಿಸಿದೆ. ಆನೆದಂತ, ನೀರಾನೆದಂತ ಎರಡೂ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟ್ಸ್ (CITES) ಒಪ್ಪಂದದ ಪಟ್ಟಿಯಲ್ಲಿವೆ. ರಸೀದಿಯಲ್ಲಿ ‘ಒಂಟೆ ಮೂಳೆ, ಹೊಸ ಕೆತ್ತನೆ’ ಎಂದೇ ಬರೆಸಿಕೊಳ್ಳಿ.