ಮೆರುಗಿನ ನಂಬರ್ ಪ್ಲೇಟ್, ಅಂಟಿಸಿದ ಬ್ಯಾಡ್ಜ್: ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಒಂದು ಎಚ್ಚರಿಕೆ

ಕಾರು ಕೊಂಡು ಎರಡು ತಿಂಗಳು ತುಂಬುವ ಮೊದಲೇ ಸಂಚಾರ ಪೊಲೀಸ್ ಠಾಣೆಯಿಂದ ನನಗೆ ಕರೆ ಬಂತು. ಕೊಳ್ಳುವ ಮುನ್ನ ಆ ಕಾರಿನ ನಂಬರನ್ನು ಇ-ಚಲನ್ ಜಾಲತಾಣದಲ್ಲಿ ಹಾಕಿ ನೋಡಿ, ಒಂದು ರೂಪಾಯಿ ದಂಡವೂ ಬಾಕಿಯಿಲ್ಲವೆಂದು ಖಾತರಿಪಡಿಸಿಕೊಂಡಿದ್ದರಿಂದ ಯಾವ ಅಳುಕೂ ಇಲ್ಲದೆ ಹೋದೆ. ಅಲ್ಲಿನ ಸಬ್ ಇನ್‌ಸ್ಪೆಕ್ಟರ್ ಕಂಪ್ಯೂಟರ್ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, "ಇದು ನಿಮ್ಮ ಗಾಡಿನೇ ಅಲ್ವಾ, ನೋಡಿ" ಎಂದರು. ಸಿಗ್ನಲ್ ಹಾರಿದ್ದು ಎರಡು, ಅತಿವೇಗದ್ದು ಒಂದು, ಸೀಟ್ ಬೆಲ್ಟ್ ಧರಿಸದ್ದು ಒಂದು, ಹೀಗೆ ನಾಲ್ಕು ಚಿತ್ರಗಳಿದ್ದವು. ಕಾರು ನಿಸ್ಸಂದೇಹವಾಗಿ ನನ್ನದೇ. ಆದರೆ ಆ ನಾಲ್ಕೂ ದಂಡಗಳು ಹೋಗಿ ಕುಳಿತದ್ದು ನನಗೆ ಪರಿಚಯವೇ ಇಲ್ಲದ ಹಿರಿಯರೊಬ್ಬರ ಸ್ಕೂಟರಿನ ಮೇಲೆ. ಸ್ಕೂಟರಿನಲ್ಲಿ ಸೀಟ್ ಬೆಲ್ಟ್ ಹಾಕಿಕೊಳ್ಳದ ತಪ್ಪಿಗೆ ನೋಟಿಸ್ ಬಂದಾಗ ಅವರು ಅದನ್ನು ಹಿಡಿದುಕೊಂಡು ಠಾಣೆಗೆ ಬಂದಿದ್ದರಂತೆ.

ಇದು ಹೇಗಾಯಿತೆಂದು ತಿಳಿಯಲು ಚಿತ್ರವನ್ನು ದೊಡ್ಡದು ಮಾಡಿ ನೋಡಬೇಕಾಯಿತು. ನಮ್ಮ ರಾಜ್ಯದಲ್ಲಿ ಎನ್ ಅಕ್ಷರದಿಂದ ಶುರುವಾಗುವ ಸರಣಿ ಕಾರುಗಳಿಗೂ ಎಚ್ ಅಕ್ಷರದಿಂದ ಶುರುವಾಗುವ ಸರಣಿ ದ್ವಿಚಕ್ರ ವಾಹನಗಳಿಗೂ ಸಿಗುತ್ತದೆ. ನನ್ನ ಕಾರಿನ ಪ್ಲೇಟಿನಲ್ಲಿ ಇಂಗ್ಲಿಷಿನ ಎನ್ ಅಕ್ಷರದ ಓರೆಗೆರೆಯನ್ನು ಅಂದಕ್ಕೆಂದು ಎಷ್ಟು ಮಲಗಿಸಿದ್ದರೆಂದರೆ, ಅದು ಎರಡು ಕಂಬಗಳ ನಡುವಿನ ಅಡ್ಡಪಟ್ಟಿಯಂತೆ ಕಾಣುತ್ತಿತ್ತು. ಕ್ಯಾಮೆರಾ ಅದನ್ನು ಎಚ್ ಎಂದೇ ಓದಿತ್ತು. ಚಿತ್ರದಲ್ಲಿರುವುದು ಕಾರೆಂದು ಗೊತ್ತಾದ ಮೇಲೆ ಪೊಲೀಸರು ಎಚ್ ಇದ್ದಲ್ಲಿ ಎನ್ ಹಾಕಿ ಹುಡುಕಿದ್ದಾರೆ, ಅದೇ ಮಾದರಿಯ, ಅದೇ ಬಣ್ಣದ ನನ್ನ ಕಾರು ಸಿಕ್ಕಿದೆ. ಜೊತೆಗೆ ಡಿಕ್ಕಿಯ ಬಲಮೂಲೆಯಲ್ಲಿ ಸ್ವಲ್ಪ ವಾರೆಯಾಗಿ ಅಂಟಿಸಿದ್ದ 'ಸ್ಪೋರ್ಟ್' ಎಂಬ ಕೆಂಪಕ್ಷರದ ಬ್ಯಾಡ್ಜ್ ನಾಲ್ಕೂ ಚಿತ್ರಗಳಲ್ಲಿ ಸ್ಪಷ್ಟವಾಗಿತ್ತು. ಆ ಮಾದರಿಯ ಕಾರಿಗೆ ಕಂಪನಿಯವರು ಅಂಥ ಬ್ಯಾಡ್ಜ್ ಹಾಕಿಯೇ ಇಲ್ಲವಾದ್ದರಿಂದ, ಗುರುತು ಮರೆಸಿದ್ದ ಕಾರನ್ನು ಆ ಸುಳ್ಳು ಬ್ಯಾಡ್ಜೇ ಹಿಡಿದುಕೊಟ್ಟಂತಾಯಿತು.

ನಾಲ್ಕೂ ಚಿತ್ರಗಳು ನಾನು ಕಾರು ಕೊಳ್ಳುವುದಕ್ಕಿಂತ ಹಿಂದಿನ ದಿನಾಂಕದವು. ಬ್ರೋಕರ್ ಬೇಡವೆಂದರೂ ಹಟ ಹಿಡಿದು ಡೆಲಿವರಿ ನೋಟಿನಲ್ಲಿ ದಿನಾಂಕ, ಗಂಟೆ, ಓಡಿದ ಕಿಲೋಮೀಟರ್ ಮೂರನ್ನೂ ಬರೆಸಿ ಮಾರಾಟಗಾರನ ಸಹಿ ಹಾಕಿಸಿಕೊಂಡಿದ್ದೆ. ಈ ವ್ಯವಹಾರದಲ್ಲಿ ನಾನು ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ ಅದು. ಆ ಕಾಗದ ಇಲ್ಲದಿದ್ದರೆ ಅತಿವೇಗಕ್ಕೂ ಸಿಗ್ನಲ್ ಹಾರಿದ್ದಕ್ಕೂ ನಾನೇ ಉತ್ತರಿಸಬೇಕಾಗುತ್ತಿತ್ತು. ಆದರೂ ಬರಿಗೈಯಲ್ಲಿ ಬರಲಿಲ್ಲ. ಅಂಥ ಪ್ಲೇಟನ್ನು ಕಳೆದ ಎರಡು ತಿಂಗಳಿಂದ ಹಾಕಿಕೊಂಡು ತಿರುಗುತ್ತಿದ್ದವನು ನಾನೇ ಆಗಿದ್ದರಿಂದ, ಅದಕ್ಕೆ 500 ರೂಪಾಯಿ ದಂಡ ಕಟ್ಟಿಸಿಕೊಂಡು ರಶೀದಿ ಕೊಟ್ಟರು.

ಆ ಪ್ಲೇಟನ್ನು ನಾನು ಗಮನಿಸಿಯೇ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಕಾರು ನೋಡಲು ಹೋದ ದಿನ ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಕನ್ನಡಿಯಂಥ ಕಪ್ಪು ಅಕ್ರಿಲಿಕ್ ಹಲಗೆ, ಅದರ ಮೇಲೆ ಉಬ್ಬಿದ ಬೆಳ್ಳಿಬಣ್ಣದ ಅಕ್ಷರಗಳು. ಖಾಸಗಿ ಕಾರಿನ ಪ್ಲೇಟು ಬಿಳಿಯ ನೆಲದ ಮೇಲೆ ಕಪ್ಪು ಅಕ್ಷರಗಳಲ್ಲಿರಬೇಕೆಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಆದರೂ "ಓನರ್ ಎಷ್ಟು ಪ್ರೀತಿಯಿಂದ ಇಟ್ಟಿದಾರೆ ನೋಡಿ ಸಾರ್" ಎಂದು ಬ್ರೋಕರ್ ಹೇಳಿದಾಗ ತಲೆಯಾಡಿಸಿದೆ. ಹೊರಗೆ ಇಷ್ಟು ಒಪ್ಪವಾಗಿ ಇಟ್ಟುಕೊಂಡವನು ಎಂಜಿನನ್ನೂ ಚೆನ್ನಾಗಿಯೇ ನೋಡಿಕೊಂಡಿರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ.

ನಾನು ಆಗ ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು. ಅದು 2020ರ ಆರಂಭದಲ್ಲಿ ನೋಂದಣಿಯಾದ ಕಾರು. 2019ರ ಏಪ್ರಿಲ್ 1ರಿಂದ ತಯಾರಾದ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ, ಎಂದರೆ ನಾವೆಲ್ಲ ಎಚ್‌ಎಸ್‌ಆರ್‌ಪಿ ಎನ್ನುವ ಫಲಕ, ಕಡ್ಡಾಯ. ನಮ್ಮಲ್ಲಿ 2023ರ ಆಗಸ್ಟ್‌ನ ಅಧಿಸೂಚನೆಯ ನಂತರ ಎದ್ದ ಗಲಾಟೆ, ಮತ್ತೆ ಮತ್ತೆ ಮುಂದಕ್ಕೆ ಹೋದ ಗಡುವು ಎಲ್ಲವೂ 2019ರ ಏಪ್ರಿಲ್‌ಗಿಂತ ಹಳೆಯ ವಾಹನಗಳಿಗೆ ಈ ಫಲಕ ಹಾಕಿಸುವ ಮಾತು. 2020ರ ಕಾರಿಗೆ ಶೋರೂಮಿನಿಂದ ಹೊರಡುವಾಗಲೇ ಆ ಫಲಕ ಬಂದಿರುತ್ತದೆ, ಮತ್ತು ಅದನ್ನು ಸ್ಕ್ರೂಡ್ರೈವರ್ ಹಿಡಿದು ಬಿಚ್ಚಲು ಬರುವುದಿಲ್ಲ. ಒಮ್ಮೆ ಒತ್ತಿ ಕೂರಿಸಿದ ಸ್ನ್ಯಾಪ್ ಲಾಕನ್ನು ಒಡೆದೇ ತೆಗೆಯಬೇಕು. ಹಾಗಾಗಿ ಅಂಥ ಕಾರು ಬೇರೆ ಪ್ಲೇಟು ತೊಟ್ಟು ನಿಂತಿದ್ದರೆ ಯಾರೋ ಬೇಕೆಂದೇ ಕಿತ್ತಿದ್ದಾರೆಂದು ಅರ್ಥ. ಯಾಕೆ ಕಿತ್ತರು ಎಂಬುದನ್ನು ನಾನು ಕೇಳಲಿಲ್ಲ. ಬರಿಯ ಶೋಕಿಗೆ ಕಿತ್ತಿರಬಹುದು, ಕ್ಯಾಮೆರಾ ತಪ್ಪಿಸಲು ಕಿತ್ತಿರಬಹುದು. ಕದ್ದ ಕಾರಿಗೆ ಬೇರೆ ನಂಬರ್ ಹಾಕುವವರೂ ಮಾಡುವುದು ಇದನ್ನೇ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 50 ಮತ್ತು 51ನೆಯ ನಿಯಮಗಳಲ್ಲಿ ಪ್ಲೇಟಿನ ವಿಷಯವೆಲ್ಲ ಬಿಡಿಸಿ ಹೇಳಿದೆ. ಕಾರಿನ ಅಕ್ಷರ ಮತ್ತು ಅಂಕಿಗಳ ಎತ್ತರ 65 ಮಿ.ಮೀ., ಗೆರೆಯ ದಪ್ಪ 10 ಮಿ.ಮೀ., ನಡುವಿನ ಅಂತರ 10 ಮಿ.ಮೀ. ಇರಬೇಕು. ಸರ್ಕಾರದವರಿಗೆ ಬೇರೆ ಕೆಲಸವಿಲ್ಲದೆ ಮಿಲಿಮೀಟರ್ ಅಳೆದಿದ್ದಾರೆಂದು ನಾನೂ ಒಂದು ಕಾಲಕ್ಕೆ ನಕ್ಕವನೇ. ಆದರೆ ಗೊಂದಲ ಬೇಡವೆಂದು ಈ ವ್ಯವಸ್ಥೆಯಲ್ಲಿ ಎಷ್ಟು ಎಚ್ಚರ ವಹಿಸಿದ್ದಾರೆಂದರೆ, ನೋಂದಣಿ ಸರಣಿಯ ಅಕ್ಷರಗಳಲ್ಲಿ ಒಂದು ಎಂಬ ಅಂಕಿಯಂತೆ ಕಾಣುವ ಐ, ಸೊನ್ನೆಯಂತೆ ಕಾಣುವ ಓ ಎರಡನ್ನೂ ಸಾಮಾನ್ಯವಾಗಿ ಬಳಸುವುದಿಲ್ಲ. ಚಾಸಿಸ್ ಮೇಲಿನ 17 ಅಕ್ಷರಗಳ ಸಂಖ್ಯೆಯಲ್ಲೂ ಐ, ಓ, ಕ್ಯೂ ಮೂರಕ್ಕೂ ಜಾಗವಿಲ್ಲ. ಇಷ್ಟೆಲ್ಲ ಮಾಡಿ ತೆಗೆದ ಗೊಂದಲವನ್ನು ಪ್ಲೇಟು ಅಂಗಡಿಯವನು ಒಂದು ಓರೆಗೆರೆಯಿಂದ ವಾಪಸು ತರುತ್ತಾನೆ. 8055 ಎಂಬ ಸಂಖ್ಯೆಯನ್ನು ಇಂಗ್ಲಿಷಿನ 'ಬಾಸ್' ಎಂದು ಓದುವಂತೆ ತಿದ್ದಿಸಿಕೊಳ್ಳುವವರನ್ನು ಎಲ್ಲರೂ ನೋಡಿದ್ದೇವೆ. ಅಂಥ ಕಾರು ಯಾರಿಗಾದರೂ ಗುದ್ದಿ ಹೋದರೆ, ರಸ್ತೆಯಲ್ಲಿ ಬಿದ್ದವರು ಪೊಲೀಸರಿಗೆ ಯಾವ ನಂಬರ್ ಹೇಳಬೇಕು?

ಇನ್ನು ಬ್ಯಾಡ್ಜಿನ ಕಥೆ. ಠಾಣೆಯಿಂದ ಬಂದ ಮೇಲೆ ಆ ಕೆಂಪು 'ಸ್ಪೋರ್ಟ್' ಅನ್ನು ನೋಡಲೂ ಮನಸ್ಸಾಗದೆ, ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಹಿಂಬದಿಗೆ ನೈಲಾನ್ ದಾರ ತೂರಿಸಿ ಗರಗಸದಂತೆ ಎಳೆದು ತೆಗೆದೆ. ಡಿಕ್ಕಿಯ ಎಡಮೂಲೆಯಲ್ಲಿ ಟಾಪ್ ಎಂಡ್ ಮಾದರಿಯ ಅಕ್ಷರಗಳಿದ್ದವು; ಅವು ಕಂಪನಿಯವೇ ಎಂದು ಬಿಟ್ಟಿದ್ದೆ. ಹಾಗೇ ಬೆರಳು ಸವರಿದಾಗ ಕೊನೆಯ ಅಕ್ಷರದ ಅಂಚು ಅಲುಗಾಡಿತು. ದಾರ ಎಳೆದೆ. ಮೂರೂ ಅಕ್ಷರಗಳು ಒಟ್ಟಿಗೆ ಕಳಚಿ ಬಂದವು. ಕೆಳಗೆ ಹಳದಿಗಟ್ಟಿದ ಅಂಟಿನ ನಡುವೆ, ಸುತ್ತಲಿನ ಬಿಸಿಲು ತಿಂದ ಬಣ್ಣಕ್ಕಿಂತ ತುಸು ಗಾಢವಾಗಿ, ಬೇರೆಯದೇ ಎರಡು ಅಕ್ಷರಗಳ ನೆರಳು ಉಳಿದಿತ್ತು. ಅದು ಬೇಸ್ ಮಾಡೆಲ್‌ನ ಗುರುತು.

ಆಮೇಲೆ ಒಂದೊಂದಾಗಿ ಕಂಡವು. ಸೀಟುಗಳಿಗೆ ಬಿಗಿಯಾಗಿ ಹೊಲಿಸಿದ ದಪ್ಪ ರೆಕ್ಸಿನ್ ಕವರ್ ಹಾಕಿದ್ದರು. ಟಾಪ್ ಎಂಡ್‌ನಲ್ಲಿ ಸೀಟಿನ ಪಕ್ಕಕ್ಕೆ ಏರ್‌ಬ್ಯಾಗ್ ಎಂಬ ಪುಟ್ಟ ಚೀಟಿ ಹೊಲಿದಿರುತ್ತಾರೆ. ಇಲ್ಲಿ ಕವರಿನ ಕೆಳಗೆ ಏನೂ ಇರಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆಂದು ಹಾಸಿದ್ದ ಮಖಮಲ್ಲಿನ ಹಾಸನ್ನು ಎತ್ತಿದರೆ ಪಕ್ಕದ ಸೀಟಿನ ಮುಂದೆಯೂ ಏರ್‌ಬ್ಯಾಗ್ ಗುರುತಿಲ್ಲ. 2019ರ ಜುಲೈನಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿತ್ತು, ಪಕ್ಕದವರದ್ದು ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2022ರ ಜನವರಿಯಿಂದ. ಹಾಗಾಗಿ 2020ರ ಬೇಸ್ ಮಾಡೆಲ್‌ನಲ್ಲಿ ಒಂದೇ ಏರ್‌ಬ್ಯಾಗ್ ಇದ್ದರೆ ಅದು ಕಾನೂನಿಗೆ ವಿರುದ್ಧವಲ್ಲ. ಎರಡು ತಿಂಗಳು ನನ್ನ ಹೆಂಡತಿ ಕುಳಿತದ್ದು ಆ ಪಕ್ಕದ ಸೀಟಿನಲ್ಲಿ. ಮಾದರಿಗಳ ಬೆಲೆಯ ಅಂತರದಲ್ಲಿ ನಾನು ಕಳೆದುಕೊಂಡ ಸುಮಾರು 90 ಸಾವಿರ ರೂಪಾಯಿಗಿಂತ ಇದು ನನ್ನನ್ನು ಹೆಚ್ಚು ದಿನ ಕಾಡಿತು.

ಆರ್.ಸಿ. ಕಾರ್ಡಿನಲ್ಲಿ ಮಾದರಿಯ ಹೆಸರಿನ ಮುಂದೆ ಆ ಎರಡಕ್ಷರಗಳು ಮೊದಲಿನಿಂದಲೂ ಇದ್ದವು. ಹೆಸರು, ವಿಳಾಸ, ಚಾಸಿಸ್ ನಂಬರ್ ಎಲ್ಲವನ್ನೂ ನೋಡಿದ್ದ ನಾನು ಆ ಒಂದು ಸಾಲನ್ನು ಓದಿರಲಿಲ್ಲ, ಏಕೆಂದರೆ ಮಾದರಿ ಯಾವುದೆಂದು ಡಿಕ್ಕಿಯ ಮೇಲೆಯೇ ಬರೆದಿತ್ತಲ್ಲ.

ಮಾರಾಟಗಾರನಿಗೆ ಫೋನ್ ಮಾಡಿದಾಗ ಅವನು ಸಿಟ್ಟಾಗಲಿಲ್ಲ, ಅಡ್ಡಾದಿಡ್ಡಿ ಮಾತಾಡಲೂ ಇಲ್ಲ. "ಟಾಪ್ ಎಂಡ್ ಅಂತ ನಾನು ಯಾವತ್ತು ಹೇಳಿದೆ ಸಾರ್? ಬ್ಯಾಡ್ಜ್ ನಾನು ಖುಷಿಗೆ ಹಾಕಿಸಿದ್ದು" ಎಂದ. ಯೋಚಿಸಿ ನೋಡಿದರೆ ಅವನು ಹೇಳಿರಲಿಲ್ಲ ಎಂಬುದು ನಿಜ. ಹಾಗೆಂದು ಹೇಳಿದವನು ಬ್ರೋಕರ್, ಅದೂ ಬಾಯಿಮಾತಿನಲ್ಲಿ. ಒಪ್ಪಂದದ ಕಾಗದದಲ್ಲಿ ಕಾರಿನ ಹೆಸರಷ್ಟೇ ಇದ್ದು, 'ಇದ್ದ ಸ್ಥಿತಿಯಲ್ಲಿಯೇ ಒಪ್ಪಿ ಪಡೆದಿರುತ್ತೇನೆ' ಎಂಬ ವಾಕ್ಯದ ಕೆಳಗೆ ನನ್ನ ಸಹಿಯಿತ್ತು. ಮೋಸದಿಂದ ನಂಬಿಸಿ ಹಣ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 318ನೆಯ ಸೆಕ್ಷನ್ ಪ್ರಕಾರ ವಂಚನೆಯೇ. ಆದರೆ ನಂಬಿಸಿದ್ದನ್ನು ತೋರಿಸಲು ನನ್ನ ಬಳಿ ಇದ್ದದ್ದು ಕಿತ್ತ ಮೂರು ಪ್ಲಾಸ್ಟಿಕ್ ಅಕ್ಷರಗಳು ಮಾತ್ರ. ಹಳೆಯ ಕಾರುಗಳನ್ನು ಮಾರುವುದನ್ನೇ ವ್ಯಾಪಾರವಾಗಿ ನಡೆಸುವವರಿಂದ ಕೊಂಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರ ಆಯೋಗಕ್ಕೆ ಹೋಗಬಹುದಿತ್ತು. ತನ್ನ ಸ್ವಂತ ಕಾರನ್ನು ಮಾರಿದ ಖಾಸಗಿ ವ್ಯಕ್ತಿಯ ಮೇಲೆ ಆ ದಾರಿಯೂ ಇಲ್ಲವೆಂದು ಪರಿಚಯದ ವಕೀಲರು ಹೇಳಿದರು. ಬ್ರೋಕರ್ ನನ್ನ ಕರೆ ಸ್ವೀಕರಿಸುವುದನ್ನೇ ನಿಲ್ಲಿಸಿದ.

ಆದ್ದರಿಂದ ಹಳೆಯ ಕಾರು ನೋಡಲು ಹೋಗುವವರು ಮೊದಲು ಆರ್.ಸಿ.ಯನ್ನು ಕೈಗೆ ತೆಗೆದುಕೊಂಡು, ಡಿಕ್ಕಿಯ ಮೇಲೆ ಏನು ಬರೆದಿದೆಯೆಂಬುದನ್ನು ಆಮೇಲೆ ನೋಡಿ. ಮಾದರಿಯ ಪೂರ್ತಿ ಹೆಸರನ್ನು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲೂ ಹೋಲಿಸಿ, ಆ ಹೆಸರನ್ನೇ ಒಪ್ಪಂದದಲ್ಲಿ ಬರೆಸಿ. ಬಾಯಲ್ಲಿ ಟಾಪ್ ಎಂಡ್ ಎನ್ನುವವರು ಕಾಗದದಲ್ಲಿ ಬರೆಯಲು ಹಿಂಜರಿದರೆ ಅಲ್ಲಿಗೇ ಉತ್ತರ ಸಿಕ್ಕಂತೆ. ಸೀಟಿನ ಕವರ್ ಸರಿಸಿ, ಡ್ಯಾಶ್‌ಬೋರ್ಡಿನ ಹಾಸು ಎತ್ತಿ ನೋಡಿ. ಸಂಕೋಚ ಪಡಬೇಡಿ, ನಾನು ಪಟ್ಟೆ.

ನಂಬರ್ ಪ್ಲೇಟನ್ನು ಬಗ್ಗಿ ಕುಳಿತು ನೋಡಬೇಕು. ನಿಜವಾದ ಎಚ್‌ಎಸ್‌ಆರ್‌ಪಿ ಅಲ್ಯುಮಿನಿಯಂ ತಗಡಿನದು. ಎಡಗಡೆ ಮೇಲೆ 20 ಮಿ.ಮೀ. ಚೌಕದ, ಅಶೋಕ ಚಕ್ರವಿರುವ ಕ್ರೋಮಿಯಂ ಹೊಲೊಗ್ರಾಮ್, ಅದರ ಕೆಳಗೆ ನೀಲಿಯಲ್ಲಿ 'ಐಎನ್‌ಡಿ', ಕೆಳಮೂಲೆಯಲ್ಲಿ ಲೇಸರಿನಿಂದ ಕೊರೆದ ಸಣ್ಣ ಸಂಖ್ಯೆ ಇರುತ್ತವೆ. ಮುಂದಿನ ಮತ್ತು ಹಿಂದಿನ ಪ್ಲೇಟಿನ ಲೇಸರ್ ಸಂಖ್ಯೆಗಳು ಬೇರೆ ಬೇರೆ. ಇವೆರಡೂ ಮುಂಗಾಜಿನ ಒಳಬದಿಗೆ ಅಂಟಿಸಿದ ಮೂರನೆಯ ಗುರುತಿನ ಸ್ಟಿಕ್ಕರಿನಲ್ಲಿ ಮತ್ತೆ ಮುದ್ರಿತವಾಗಿರುತ್ತವೆ, ಜೊತೆಗೆ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳೂ ಇರುತ್ತವೆ. ಆ ಸ್ಟಿಕ್ಕರಿನ ಬಣ್ಣಕ್ಕೂ ಅರ್ಥವಿದೆ: ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ. ನಾನು ಕೊಂಡ ಕಾರಿನಲ್ಲಿ ಸ್ಟಿಕ್ಕರ್ ಇದ್ದ ಜಾಗದಲ್ಲಿ ಬ್ಲೇಡಿನಿಂದ ಹೆರೆದ ಗೀರುಗಳಿದ್ದವು. ಇ-ಚಲನ್ ನೋಡುವಾಗಲೂ ನಂಬರ್ ಹಾಕಿ ಸುಮ್ಮನಾಗಬೇಡಿ. ಪ್ಲೇಟಿನ ಮೇಲಿನ ಯಾವ ಅಕ್ಷರ ಬೇರೇನೋ ಆಗಿ ಕಾಣಬಹುದೆಂದು ಹತ್ತು ಹೆಜ್ಜೆ ದೂರ ನಿಂತು ನೋಡಿ. ದಂಡವೇ ಇಲ್ಲದ ಸ್ವಚ್ಛ ದಾಖಲೆಯನ್ನು ನಾನು ಒಳ್ಳೆಯ ಚಾಲಕನ ಲಕ್ಷಣವೆಂದುಕೊಂಡಿದ್ದೆ.

ತಮ್ಮದೇ ಕಾರಿಗೆ ಬ್ಯಾಡ್ಜ್ ಅಂಟಿಸಿಕೊಂಡು ಖುಷಿಪಡುವವರ ಮೇಲೆ ನನಗೆ ಜಗಳವಿಲ್ಲ. ಸಾಧಾರಣ ಬಿಎಂಡಬ್ಲ್ಯುಗೆ ಅದರ ವೇಗದ ಮಾದರಿಗಳ 'ಎಂ' ಹಚ್ಚಿಕೊಂಡರೆ ನಷ್ಟ ಯಾರಿಗೂ ಇಲ್ಲ, ತಿಳಿದವರು ಮುಸಿಮುಸಿ ನಕ್ಕಾರು ಅಷ್ಟೆ. ಮಾರುವ ದಿನ ಕಿತ್ತಿಟ್ಟು ಮಾರಲಿ ಎಂದಷ್ಟೇ ನನ್ನ ಮಾತು. ಪ್ಲೇಟಿನ ವಿಷಯದಲ್ಲಿ ನಾನು ಇಷ್ಟು ಉದಾರಿಯಲ್ಲ. ಅದು ಕಾರಿನ ಒಡವೆಯಲ್ಲ. ಅದರ ಒಂದು ಅಕ್ಷರ ಬಗ್ಗಿದರೆ ಇನ್ನಾರದೋ ಮನೆಗೆ ನೋಟಿಸ್ ಹೋಗುತ್ತದೆ.

ಹೊಸ ಎಚ್‌ಎಸ್‌ಆರ್‌ಪಿ ಪಡೆಯಲು, ಮೂಲ ಫಲಕ ಕಳೆದಿದೆಯೆಂದು ಪೊಲೀಸರಲ್ಲಿ ದೂರು ಕೊಟ್ಟು ಅದರ ಪ್ರತಿಯನ್ನು ಅರ್ಜಿಯೊಂದಿಗೆ ಸಲ್ಲಿಸಬೇಕಾಯಿತು. ಕಾಣೆಯಾದ ಸಂದರ್ಭ ಯಾವುದೆಂದು ಬರೆಯುವ ಸಾಲಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ ಬಹಳ ಹೊತ್ತು ಪೆನ್ನು ಹಿಡಿದು ಕುಳಿತೆ.

ಸ್ಕೂಟರಿನ ಆ ಹಿರಿಯರನ್ನು ಠಾಣೆಯಲ್ಲೇ ಭೇಟಿಯಾದೆ. ನೀವೂ ಎಂದಾದರೂ ಅವರ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ, ರಗಳೆ ಬೇಡವೆಂದು ದಂಡ ಕಟ್ಟಿಬಿಡಬೇಡಿ. ಚಲನ್ ಜೊತೆಗಿರುವ ಚಿತ್ರವನ್ನು ತೆರೆದು ವಾಹನ ನಿಮ್ಮದೇ ಎಂದು ನೋಡಿ, ಅಲ್ಲವಾದರೆ ಆರ್.ಸಿ. ಪ್ರತಿಯೊಂದಿಗೆ ಸಂಚಾರ ಪೊಲೀಸರಿಗೆ ಲಿಖಿತ ದೂರು ಕೊಡಿ. ಆ ಹಿರಿಯರು ಮೊದಲ ಎರಡು ದಂಡಗಳನ್ನು ಚಿತ್ರ ನೋಡದೆಯೇ ಕಟ್ಟಿದ್ದರು. ಕಣ್ಣು ಮಂಜಾಗಿರುವುದರಿಂದ ತಾವೇ ಸಿಗ್ನಲ್ ದಾಟಿರಬಹುದೆಂದು ಅಂದುಕೊಂಡಿದ್ದರಂತೆ. ಮೂರನೆಯದು ಸೀಟ್ ಬೆಲ್ಟಿನದು ಬರುವವರೆಗೆ ಅವರಿಗೆ ಅನುಮಾನವೇ ಬಂದಿರಲಿಲ್ಲ.