ಬಿಗಿದು ಒಡೆಯುವ ದನಿಗೆ ಕೈರೋಪ್ರಾಕ್ಟಿಕ್, ಗಂಟಲಿನ ಮರ್ದನ ಮತ್ತು ಬೊಟುಲಿನಮ್ ಚುಚ್ಚುಮದ್ದು: ಒಂದು ಹೋಲಿಕೆ

ಸ್ಪಾಸ್ಮೊಡಿಕ್ ಡಿಸ್ಫೋನಿಯಾ ಎಂಬ ದೀರ್ಘಕಾಲದ ಧ್ವನಿದೋಷಕ್ಕೆ ನಾನು ಬೇರೆ ಬೇರೆ ಕಾಲದಲ್ಲಿ ಬೆನ್ನು, ಕತ್ತಿನ ಮಣಿಗಳನ್ನು ಕೈಯಿಂದ ಒತ್ತಿ ಸರಿಪಡಿಸುವ ಕೈರೋಪ್ರಾಕ್ಟಿಕ್ ಚಿಕಿತ್ಸೆ, ವಾಕ್ ಚಿಕಿತ್ಸಕರು ಮಾಡುವ ಗಂಟಲಿನ ಮರ್ದನ, ಧ್ವನಿ ವ್ಯಾಯಾಮ ಹಾಗೂ ಸ್ನಾಯುವನ್ನು ತಾತ್ಕಾಲಿಕವಾಗಿ ದುರ್ಬಲಗೊಳಿಸುವ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು, ಈ ನಾಲ್ಕನ್ನೂ ಪಡೆದಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಕೈರೋಪ್ರಾಕ್ಟಿಕ್‌ನಿಂದ ನನ್ನ ಕತ್ತಿಗೆ ಒಳ್ಳೆಯದಾಯಿತು, ದನಿಗೆ ಆಗಲಿಲ್ಲ. ಆದರೂ ಅದರಿಂದ ಏನಾಯಿತು, ಏನಾಗಲಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ. ದನಿ ಕೆಟ್ಟವರು ವರ್ಷಗಟ್ಟಲೆ ಪರಿಹಾರ ಹುಡುಕಿ ಅಲೆಯುತ್ತಾರೆ. ಯಾವ ಚಿಕಿತ್ಸೆ ದೇಹದ ಯಾವ ಭಾಗವನ್ನು ತಲುಪುತ್ತದೆ ಎಂದು ಅವರಿಗೆ ಯಾರಾದರೂ ತಾಳ್ಮೆಯಿಂದ ಹೇಳಬೇಕು.

ಈ ಕಾಯಿಲೆಯಲ್ಲಿ ಧ್ವನಿತಂತುಗಳ ಮೇಲೆ ಗಂಟಾಗಲಿ ಹುಣ್ಣಾಗಲಿ ಕಾಣಿಸುವುದಿಲ್ಲ. ತೊಂದರೆ ಇರುವುದು ಅವುಗಳಿಗೆ ಮಿದುಳು ಕಳಿಸುವ ಆಜ್ಞೆಯಲ್ಲಿ. ಮಾತನಾಡುವ ಹೊತ್ತಿನಲ್ಲಿ ಧ್ವನಿಪೆಟ್ಟಿಗೆಯ ಸ್ನಾಯುಗಳು ತಾವಾಗಿಯೇ ಸೆಟೆದುಕೊಳ್ಳುತ್ತವೆ. ಇದರಲ್ಲಿ ಎರಡು ಮುಖ್ಯ ಬಗೆಗಳಿವೆ. ಹೆಚ್ಚಿನವರಲ್ಲಿ ಕಾಣುವ ಅಡಕ್ಟರ್ ಬಗೆಯಲ್ಲಿ ತಂತುಗಳು ಒಂದಕ್ಕೊಂದು ಬಲವಾಗಿ ಒತ್ತಿಕೊಂಡು ದನಿ ಹಿಸುಕಿದಂತಾಗಿ ನಡುನಡುವೆ ಕಡಿಯುತ್ತದೆ; ಅಬ್ಡಕ್ಟರ್ ಬಗೆಯಲ್ಲಿ ತಂತುಗಳು ಅಕಾಲದಲ್ಲಿ ತೆರೆದುಕೊಂಡು ಮಾತಿನ ಬದಲು ಬರಿಯ ಉಸಿರು ಹೊರಬೀಳುತ್ತದೆ. ನನ್ನದು ಮೊದಲನೆಯ ಬಗೆ. ಪಿಸುಗುಟ್ಟುವಾಗ, ನಗುವಾಗ, ಎಷ್ಟೋ ಮಂದಿಗೆ ಹಾಡುವಾಗಲೂ ದನಿ ಸರಾಗವಾಗಿರುತ್ತದೆ. ಇದನ್ನು ಕಂಡ ಸುತ್ತಲಿನವರು ಎಲ್ಲವೂ ಮನಸ್ಸಿನ ಕಲ್ಪನೆಯೆಂದು ಭಾವಿಸುತ್ತಾರೆ. ಜರ್ಮನ್ ವೈದ್ಯ ಲುಡ್ವಿಗ್ ಟ್ರಾವ್ಬೆ 1871ರಲ್ಲಿ ಈ ಕಾಯಿಲೆಯನ್ನು ವರ್ಣಿಸಿದ ಮೇಲೆ ಒಂದು ಶತಮಾನದಷ್ಟು ಕಾಲ ವೈದ್ಯಲೋಕದಲ್ಲಿಯೂ ಬಹುಮಟ್ಟಿಗೆ ಇದೇ ನಂಬಿಕೆ ಇತ್ತು.

ಹೋಲಿಕೆಗೆ ನಾನು ಇಟ್ಟುಕೊಂಡ ಅಳತೆ ಸರಳವಾದದ್ದು. ಎರಡು ವಾಕ್ಯಗಳನ್ನು ಪ್ರತಿ ಬಾರಿಯೂ ದಿನದ ಒಂದೇ ಹೊತ್ತಿನಲ್ಲಿ, ಒಂದೇ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದೆ. “ಅವನ ಅಣ್ಣ ಎಂದೂ ಏನೂ ಬೇಡಲಿಲ್ಲ” ಎಂಬ ಮೊದಲ ವಾಕ್ಯದಲ್ಲಿ ಸ್ವರಗಳೂ ಧ್ವನಿತಂತುಗಳು ಕಂಪಿಸಿ ಹೊರಡುವ ಘೋಷಾಕ್ಷರಗಳೂ ಮಾತ್ರ ಇರುವುದರಿಂದ ಧ್ವನಿತಂತುಗಳಿಗೆ ಬಿಡುವೇ ಸಿಗುವುದಿಲ್ಲ. ಅಡಕ್ಟರ್ ಬಗೆಯ ದನಿ ಇಂತಹ ಕಡೆಯೇ ಕಡಿಯುತ್ತದೆ. “ತಾತ ಕಪ್ಪು ಕುರ್ಚಿಯ ಪಕ್ಕ ಕೂತ” ಎಂಬ ಎರಡನೆಯದರಲ್ಲಿ ತಂತುಗಳು ಕಂಪಿಸದೆ ಹೊರಡುವ ಅಘೋಷ ವ್ಯಂಜನಗಳೇ ಹೆಚ್ಚು, ಹಾಗಾಗಿ ಅದು ನನಗೆ ಸುಲಭ. ಮೊದಲನೆಯದರಲ್ಲಿ ದನಿ ಎಷ್ಟು ಕಡೆ ಕಡಿಯುತ್ತದೆ ಎಂದು ಕೇಳಿ ಗುರುತು ಹಾಕಿಕೊಳ್ಳುತ್ತಿದ್ದೆ. ಇದರ ಜೊತೆಗೆ, ಅಪರಿಚಿತರಿಗೆ ಫೋನ್ ಮಾಡಿ ಹೆಸರು ಹೇಳುವುದು ಎಷ್ಟು ಕಷ್ಟವಾಯಿತು ಎಂಬುದನ್ನೂ ಬರೆದಿಡುತ್ತಿದ್ದೆ. ಈ ಕಾಯಿಲೆಯಲ್ಲಿ ದನಿ ದಿನದಿಂದ ದಿನಕ್ಕೆ, ದಣಿವಿಗೆ, ಆತಂಕಕ್ಕೆ ತಕ್ಕಂತೆ ಏರಿಳಿಯುತ್ತದೆ. ಆದ್ದರಿಂದ ಚಿಕಿತ್ಸೆ ಪಡೆದ ದಿನ ದನಿ ಚೆನ್ನಾಗಿತ್ತು ಎಂಬ ನೆನಪೊಂದನ್ನೇ ಆಧಾರವಾಗಿ ಇಟ್ಟುಕೊಳ್ಳಲು ಬರುವುದಿಲ್ಲ.

ಕೈರೋಪ್ರಾಕ್ಟಿಕ್ ಪದ್ಧತಿಯನ್ನು 1895ರಲ್ಲಿ ಅಮೆರಿಕದ ಅಯೋವಾ ಸಂಸ್ಥಾನದ ಡ್ಯಾವೆನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಆರಂಭಿಸಿದರು. ಬೆನ್ನುಮೂಳೆಯ ಕಶೇರುಮಣಿಗಳು ಜರುಗಿದರೆ ನರಗಳ ಕೆಲಸ ಕೆಡುತ್ತದೆ, ಅವನ್ನು ಕೈಯಿಂದ ಸರಿಪಡಿಸಿದರೆ ಕಾಯಿಲೆ ವಾಸಿಯಾಗುತ್ತದೆ ಎಂಬುದು ಅದರ ಮೂಲ ಕಲ್ಪನೆ. ಇಂದಿನ ಹಲವು ಚಿಕಿತ್ಸಕರು ಇಷ್ಟು ದೊಡ್ಡ ಮಾತು ಆಡದೆ ಸೊಂಟ, ಕತ್ತು, ತಲೆನೋವುಗಳಿಗೆ ತಮ್ಮ ಕೆಲಸವನ್ನು ಸೀಮಿತಗೊಳಿಸಿಕೊಂಡಿದ್ದಾರೆ. ನಾನು ಹೋದ ಚಿಕಿತ್ಸಕರು ಹಾಗಿರಲಿಲ್ಲ. ಕತ್ತಿನ ಮೇಲ್ತುದಿಯ ಮಣಿ ಓರೆಯಾಗಿ ಧ್ವನಿಯ ನರವನ್ನು ಒತ್ತುತ್ತಿದೆ, ಕೆಲವು ತಿಂಗಳಲ್ಲಿ ದನಿ ಬಿಗಿತ ಬಿಟ್ಟು ಸರಿಹೋಗುತ್ತದೆ ಎಂದು ಅವರು ಭರವಸೆ ಕೊಟ್ಟರು. ಕತ್ತನ್ನು ಒಂದು ಪಕ್ಕಕ್ಕೆ ಹೊರಳಿಸಿ ಥಟ್ಟನೆ ಕೊಡುವ ಚಿಕ್ಕ ಒತ್ತಿಗೆ ಲಟಿಕೆ ಮುರಿದಂತಹ ಸದ್ದು ಕೇಳುತ್ತದೆ. ಅದು ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆಯಿಂದ ಆಗುವ ಸದ್ದೇ ಹೊರತು, ಜರುಗಿದ ಮೂಳೆ ತನ್ನ ಜಾಗಕ್ಕೆ ಮರಳಿದ ಸದ್ದಲ್ಲ.

ಪರಿಣಾಮ ಇಲ್ಲವೆಂದು ನಾನು ಹೇಳುವುದಿಲ್ಲ. ಕತ್ತು ಎರಡೂ ಕಡೆಗೆ ಸಲೀಸಾಗಿ ತಿರುಗತೊಡಗಿತು, ಭುಜದ ಬಿಗಿತ ಇಳಿಯಿತು, ಮಾತನಾಡುವಾಗ ಪಡುತ್ತಿದ್ದ ದಣಿವು ಆ ದಿನದ ಮಟ್ಟಿಗೆ ಕಡಿಮೆಯಾಗುತ್ತಿತ್ತು. ಆದರೆ ಧ್ವನಿಮುದ್ರಣಗಳನ್ನು ಸಾಲಾಗಿ ಕೇಳಿದಾಗ ಸ್ವರಗಳ ಮೇಲೆ ದನಿ ಕಡಿಯುವುದು ಹಾಗೆಯೇ ಇತ್ತು. ವಾರಗಳು ಕಳೆದರೂ ಅದು ಕಡಿಮೆಯಾಗುವ ಹಾದಿ ಹಿಡಿಯಲಿಲ್ಲ.

ಇದಕ್ಕೆ ಕಾರಣ ಅಂಗರಚನೆಯಲ್ಲಿಯೇ ಇದೆ. ಧ್ವನಿಪೆಟ್ಟಿಗೆಯ ನರಗಳು ಮಿದುಳಿನಿಂದ ಹೊರಡುವ ವೇಗಸ್ ನರದ ಕವಲುಗಳು. ವೇಗಸ್ ನರವು ತಲೆಬುರುಡೆಯ ಅಡಿಯ ರಂಧ್ರವೊಂದರಿಂದ ನೇರವಾಗಿ ಹೊರಬಂದು ಕತ್ತಿನ ದೊಡ್ಡ ರಕ್ತನಾಳಗಳ ಜೊತೆಗೆ ಕೆಳಗಿಳಿಯುತ್ತದೆ. ಕಶೇರುಮಣಿಗಳ ನಡುವಿನ ಕಿಂಡಿಗಳಿಂದ ಅದು ಹಾಯುವುದಿಲ್ಲ. ಧ್ವನಿತಂತುಗಳಿಗೆ ಮುಖ್ಯವಾದ ರಿಕರೆಂಟ್ ನರವಂತೂ ಎಡಗಡೆ ಎದೆಯವರೆಗೆ ಇಳಿದು, ಮಹಾಪಧಮನಿಯ ಕಮಾನನ್ನು ಸುತ್ತಿ, ಮತ್ತೆ ಮೇಲೇರಿ ಗಂಟಲನ್ನು ಸೇರುತ್ತದೆ. ಮಣಿಗಳ ನಡುವಿನಿಂದ ಬರುವ ನರಗಳು ನಡೆಸುವುದು ಧ್ವನಿಪೆಟ್ಟಿಗೆಯನ್ನು ಹೊರಗಿನಿಂದ ಕೆಳಕ್ಕೆಳೆಯುವ, ಹಿಡಿದಿಡುವ ಪಟ್ಟಿಸ್ನಾಯುಗಳನ್ನು. ಕತ್ತು ಸಡಿಲವಾದರೆ ದನಿ ಸ್ವಲ್ಪ ಹಗುರವೆನಿಸುವುದಕ್ಕೂ, ಒಳಗಿನ ಸೆಳೆತ ಹಾಗೆಯೇ ಉಳಿಯುವುದಕ್ಕೂ ಈ ಒಂದೇ ವಿವರಣೆ ಸಾಕು. ಕತ್ತಿಗೆ ಪೆಟ್ಟುಬಿದ್ದ ರೋಗಿಯ ದನಿ ಕೈರೋಪ್ರಾಕ್ಟಿಕ್‌ನಿಂದ ಸುಧಾರಿಸಿತು ಎಂಬಂತಹ ಬಿಡಿ ವರದಿಗಳು ವೈದ್ಯಸಾಹಿತ್ಯದಲ್ಲಿ ಇವೆ. ಒಬ್ಬ ರೋಗಿಯ ವರದಿ ಪ್ರಶ್ನೆಯನ್ನು ಎತ್ತಬಹುದು, ಆದರೆ ಉತ್ತರವನ್ನು ಸ್ಥಾಪಿಸಲಾರದು.

ಅಪಾಯವನ್ನೂ ಇಲ್ಲಿಯೇ ಹೇಳಬೇಕು. ಕತ್ತನ್ನು ರಭಸದಿಂದ ತಿರುಗಿಸಿದಾಗ ಬಹು ಅಪರೂಪವಾಗಿ ಮಿದುಳಿಗೆ ಹೋಗುವ ವರ್ಟೆಬ್ರಲ್ ಅಪಧಮನಿಯ ಒಳಪದರ ಸೀಳಿ ಪಾರ್ಶ್ವವಾಯು ಆದ ಪ್ರಕರಣಗಳು ದಾಖಲಾಗಿವೆ. ಚಿಕಿತ್ಸೆಯ ನಂತರ ಹಿಂದೆಂದೂ ಕಾಣದ ಕತ್ತುನೋವು ಅಥವಾ ತಲೆನೋವು, ತಲೆಸುತ್ತು, ಎರಡೆರಡಾಗಿ ಕಾಣುವುದು, ನಾಲಿಗೆ ತೊದಲುವುದು ಕಂಡರೆ ಒಂದು ಗಳಿಗೆಯೂ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಮೂಳೆ ಸವೆತವಿರುವವರು, ರುಮಟಾಯ್ಡ್ ಸಂಧಿವಾತವಿರುವವರು ಕತ್ತಿಗೆ ಇಂತಹ ಒತ್ತು ಹಾಕಿಸಿಕೊಳ್ಳಲೇಬಾರದು. ದನಿಗೆ ಲಾಭವಿದೆಯೆಂಬ ಪುರಾವೆ ಇಷ್ಟು ತೆಳುವಾಗಿರುವಾಗ, ಅಪರೂಪದ ಅಪಾಯವನ್ನೂ ದನಿಗೋಸ್ಕರ ಹೊರುವುದು ಸರಿಯಲ್ಲವೆಂದು ನನಗೆ ದೃಢವಾಗಿ ಅನ್ನಿಸುತ್ತದೆ.

ಕೈರೋಪ್ರಾಕ್ಟಿಕ್‌ನ ಪಕ್ಕದಲ್ಲಿಯೇ ಇಟ್ಟು ನೋಡಬೇಕಾದದ್ದು ಗಂಟಲಿನ ಮರ್ದನ. ಎರಡೂ ಕೈಯಿಂದ ಮಾಡುವ ಚಿಕಿತ್ಸೆಗಳೇ, ಆದರೆ ಕೈ ಬೀಳುವ ಜಾಗ ಬೇರೆ. ಅಮೆರಿಕದ ವಾಕ್‌ರೋಗ ತಜ್ಞ ಆರ್ನಲ್ಡ್ ಆರನ್ಸನ್ ವಿವರಿಸಿದ ಈ ಕ್ರಮದಲ್ಲಿ ಚಿಕಿತ್ಸಕರು ಬೆರಳುಗಳಿಂದ ನಾಲಿಗೆಯ ಬುಡದ ಹಯಾಯ್ಡ್ ಮೂಳೆಯ ತುದಿಗಳನ್ನು ಹಿಡಿದು ಮೆಲ್ಲಗೆ ತಿಕ್ಕುತ್ತಾರೆ, ಅದಕ್ಕೂ ಧ್ವನಿಪೆಟ್ಟಿಗೆಯ ಮುಂಭಾಗದ ಥೈರಾಯ್ಡ್ ಮೃದ್ವಸ್ಥಿಗೂ ನಡುವಿನ ಸಂದನ್ನು ಸಡಿಲಿಸುತ್ತಾರೆ, ಮೇಲಕ್ಕೇರಿ ಕೂತ ಧ್ವನಿಪೆಟ್ಟಿಗೆಯನ್ನು ಕೆಳಕ್ಕೆ ತರುತ್ತಾರೆ. ಮುಖ್ಯವಾದ ವ್ಯತ್ಯಾಸವೆಂದರೆ, ಮರ್ದನ ನಡೆಯುತ್ತಿರುವಾಗಲೇ ರೋಗಿ ದನಿ ಹೊರಡಿಸುತ್ತಿರಬೇಕು. ಯಾವ ಒತ್ತಿಗೆ ದನಿ ತಿಳಿಯಾಯಿತು ಎಂಬುದು ಇಬ್ಬರ ಕಿವಿಗೂ ಆಗಲೇ ಬೀಳುತ್ತದೆ, ಮತ್ತು ಆ ಸ್ಥಿತಿಯನ್ನು ಪದಕ್ಕೆ, ವಾಕ್ಯಕ್ಕೆ, ಮಾತುಕತೆಗೆ ಹಂತಹಂತವಾಗಿ ಒಯ್ಯಲಾಗುತ್ತದೆ. ಕೈರೋಪ್ರಾಕ್ಟಿಕ್ ಮೇಜಿನ ಮೇಲೆ ನಾನು ಮೌನವಾಗಿ ಮಲಗಿರುತ್ತಿದ್ದೆ. ದನಿಯ ಚಿಕಿತ್ಸೆಯಲ್ಲಿ ದನಿಯನ್ನು ಯಾರೂ ಕೇಳುತ್ತಿರಲಿಲ್ಲ.

ಮರ್ದನದ ಫಲ ನನ್ನ ಮಟ್ಟಿಗೆ ಅರ್ಧವಾಗಿತ್ತು. ಗಂಟಲ ಹೊರಗಿನ ನೋವು ಹೋಯಿತು, ದನಿಯ ಕೆಳಸ್ಥಾಯಿ ಮರಳಿತು, ಆದರೆ ಸ್ವರಗಳ ಮೇಲಿನ ಸೆಳೆತ ನಿಲ್ಲಲಿಲ್ಲ. ಈ ಅರ್ಧ ಫಲವೇ ರೋಗನಿರ್ಣಯಕ್ಕೆ ನೆರವಾಯಿತು. ಮಸಲ್ ಟೆನ್ಷನ್ ಡಿಸ್ಫೋನಿಯಾ ಎಂಬ ಇನ್ನೊಂದು ಕಾಯಿಲೆ ಕೇಳುವುದಕ್ಕೆ ಇದರಂತೆಯೇ ಇರುತ್ತದೆ. ಅದರಲ್ಲಿ ತಪ್ಪು ಸ್ನಾಯುಬಿಗಿತವೇ ಮೂಲ ಕಾರಣವಾದ್ದರಿಂದ ಮರ್ದನ ಮತ್ತು ಧ್ವನಿ ಚಿಕಿತ್ಸೆಗೆ ದನಿ ಬೇಗ ಬಿಡುತ್ತದೆ, ಕೆಲವರಿಗೆ ಮೊದಲ ಭೇಟಿಯಲ್ಲಿಯೇ. ಕೈರೋಪ್ರಾಕ್ಟಿಕ್‌ನಿಂದ ದನಿ ಪೂರ್ತಿ ಮರಳಿತೆಂದು ಹೇಳುವವರಲ್ಲಿ ಕೆಲವರದು ಈ ಎರಡನೆಯ ಕಾಯಿಲೆ ಆಗಿದ್ದಿರಬಹುದೆಂದು ನನ್ನ ಊಹೆ. ಅವರ ಸಂತೋಷ ನಿಜವಾದದ್ದು. ಅದನ್ನು ಅಲ್ಲಗಳೆಯುವ ಮನಸ್ಸು ನನಗಿಲ್ಲ.

ಧ್ವನಿ ವ್ಯಾಯಾಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಳವೆಯ ಮೂಲಕ ನೀರಿನೊಳಗೆ ಊದುತ್ತಾ ದನಿ ಹೊರಡಿಸುವುದು, ತುಟಿ ಕಂಪಿಸುವುದು, ಉಸಿರಿನ ಮೇಲೆ ಮಾತನ್ನು ಮೃದುವಾಗಿ ಆರಂಭಿಸುವುದು ಇವು ದನಿಯನ್ನು ಹಿಸುಕಿ ಹೊರತರುವ ಅಭ್ಯಾಸವನ್ನು ಬಿಡಿಸುತ್ತವೆ. ಸೆಳೆತವನ್ನು ಅವು ತಡೆಯುವುದಿಲ್ಲ, ಆದರೆ ಚುಚ್ಚುಮದ್ದಿನ ಜೊತೆಗೆ ಸೇರಿದಾಗ ಅದರ ಫಲವನ್ನು ಚೆನ್ನಾಗಿ ಬಳಸಿಕೊಳ್ಳಲು ಕಲಿಸುತ್ತವೆ.

ನನ್ನ ಗುರುತುಗಳಲ್ಲಿ ನಿಜವಾದ ಇಳಿಕೆ ಕಂಡದ್ದು ಬೊಟುಲಿನಮ್ ಚುಚ್ಚುಮದ್ದಿನ ನಂತರ. 1984ರಲ್ಲಿ ನ್ಯೂಯಾರ್ಕಿನ ಗಂಟಲು ತಜ್ಞ ಆಂಡ್ರ್ಯೂ ಬ್ಲಿಟ್ಜರ್ ಧ್ವನಿಪೆಟ್ಟಿಗೆಗೆ ಇದನ್ನು ಮೊದಲು ಬಳಸಿದರು. ಥೈರಾಯ್ಡ್ ಮತ್ತು ಅದರ ಕೆಳಗಿನ ಕ್ರಿಕಾಯ್ಡ್ ಮೃದ್ವಸ್ಥಿಗಳ ನಡುವಿನ ಪೊರೆಯ ಮೂಲಕ ಕತ್ತಿನ ಮುಂಭಾಗದಿಂದ ತೆಳುವಾದ ಸೂಜಿಯನ್ನು ತೂರಿಸಿ, ಸ್ನಾಯುವಿನ ವಿದ್ಯುತ್ ಸಂಕೇತವನ್ನು ಸದ್ದಾಗಿ ಕೇಳುತ್ತಾ, ಸರಿಯಾದ ಜಾಗ ಸಿಕ್ಕಿದ ಮೇಲೆ ಒಂದೆರಡು ಯೂನಿಟ್‌ನಷ್ಟೇ ಮದ್ದನ್ನು ಬಿಡುತ್ತಾರೆ. ನರದಿಂದ ಸ್ನಾಯುವಿಗೆ ಹೋಗುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಅದು ತಡೆಯುವುದರಿಂದ ಸೆಳೆತ ದುರ್ಬಲವಾಗುತ್ತದೆ. ಕೆಲವೇ ದಿನಗಳಲ್ಲಿ ಪರಿಣಾಮ ಆರಂಭವಾಗಿ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಉಳಿಯುತ್ತದೆ. ಮೊದಲ ಒಂದೆರಡು ವಾರ ದನಿ ಉಸಿರುಸಿರಾಗಿ ತೀರ ಸಣ್ಣದಾಗುತ್ತದೆ, ನೀರು ಕುಡಿಯುವಾಗ ಕೆಮ್ಮು ಬರುತ್ತದೆ. ಆ ದಿನಗಳು ಸುಲಭವಲ್ಲ. ಅವು ಕಳೆದ ನಂತರ ಅಣ್ಣನ ವಾಕ್ಯವನ್ನು ಒಂದೇ ಉಸಿರಿಗೆ, ಎಲ್ಲಿಯೂ ಕಡಿಯದೆ ಹೇಳಿದ ಧ್ವನಿಮುದ್ರಣ ನನ್ನ ಬಳಿ ಇದೆ. ಇದು ವಾಸಿಮಾಡುವ ಮದ್ದಲ್ಲ, ಪರಿಣಾಮ ಇಳಿದಂತೆ ಸೆಳೆತ ಮರಳುತ್ತದೆ. ಅಬ್ಡಕ್ಟರ್ ಬಗೆಯವರಿಗೆ ಬೇರೆ ಸ್ನಾಯುವಿಗೆ ಚುಚ್ಚಬೇಕಾಗುತ್ತದೆ, ಫಲವೂ ಅಷ್ಟು ಖಚಿತವಲ್ಲ. ಶಾಶ್ವತ ಪರಿಹಾರಕ್ಕಾಗಿ ನರ ಜೋಡಣೆಯ ಶಸ್ತ್ರಚಿಕಿತ್ಸೆಗಳೂ ಇವೆ, ಆದರೆ ಅವುಗಳನ್ನು ನಾನು ಮಾಡಿಸಿಕೊಂಡಿಲ್ಲವಾದ್ದರಿಂದ ಈ ಹೋಲಿಕೆಯಲ್ಲಿ ಸೇರಿಸಿಲ್ಲ.

ಹೊಸದಾಗಿ ದನಿ ಕೆಟ್ಟವರಿಗೆ ನಾನು ಹೇಳುವ ಕ್ರಮ ಹೀಗಿದೆ. ನಾಲ್ಕು ವಾರ ಕಳೆದರೂ ದನಿ ಸರಿಹೋಗದಿದ್ದರೆ ಯಾರ ಕೈಗೂ ಕತ್ತನ್ನು ಕೊಡುವ ಮೊದಲು ಕಿವಿ, ಮೂಗು, ಗಂಟಲಿನ ತಜ್ಞರಲ್ಲಿ ಧ್ವನಿತಂತುಗಳನ್ನು ನೋಡಿಸಿಕೊಳ್ಳಿ, ಏಕೆಂದರೆ ಗಡ್ಡೆಯೂ ಧ್ವನಿತಂತು ನಿಶ್ಚೇಷ್ಟವಾಗುವುದೂ ಮೊದಮೊದಲು ಬರಿಯ ಗೊಗ್ಗರು ದನಿಯಾಗಿಯೇ ಕಾಣಿಸಿಕೊಳ್ಳಬಹುದು. ಅನಂತರ ಧ್ವನಿಯಲ್ಲಿ ಅನುಭವವಿರುವ ವಾಕ್ ಚಿಕಿತ್ಸಕರಲ್ಲಿ ಮರ್ದನವನ್ನೂ ವ್ಯಾಯಾಮವನ್ನೂ ಪ್ರಯತ್ನಿಸಿ. ಅದಕ್ಕೆ ದನಿ ಬಿಡದಿದ್ದರೆ ಚುಚ್ಚುಮದ್ದಿನ ಬಗ್ಗೆ ವಿಚಾರಿಸಿ. ಕತ್ತುನೋವು ಬೇರೆಯಾಗಿ ಕಾಡುತ್ತಿದ್ದರೆ ಅದಕ್ಕೆಂದು ಕೈರೋಪ್ರಾಕ್ಟಿಕ್ ಚಿಕಿತ್ಸಕರಲ್ಲಿ ಹೋಗಬಹುದು, ರಭಸದ ತಿರುಚುವಿಕೆ ಬೇಡವೆಂದು ಮೊದಲೇ ಹೇಳಿಬಿಡಿ. ನಾನು ಈಗ ಚುಚ್ಚುಮದ್ದು ಮತ್ತು ದಿನನಿತ್ಯದ ವ್ಯಾಯಾಮದಲ್ಲಿ ಇದ್ದೇನೆ. ಕತ್ತಿಗೆ ಫಿಸಿಯೋಥೆರಪಿಯ ಸೌಮ್ಯ ಚಲನೆಗಳೇ ಸಾಕಾಗುತ್ತಿವೆ. ಹೆಚ್ಚು ಮಾತನಾಡಬೇಕಾದ ಕೆಲಸಗಳನ್ನು ಚುಚ್ಚುಮದ್ದಿನ ಮೂರನೆಯ ವಾರದ ನಂತರಕ್ಕೆ ಗೊತ್ತುಮಾಡಿಕೊಳ್ಳುತ್ತೇನೆ.