ಪ್ರೈಮರಿ ಕೀ ಬದಲಾವಣೆ: ಒಂದೇ ಏಟಿಗೋ, ಸ್ವಲ್ಪ ಸ್ವಲ್ಪವಾಗಿಯೋ?

ನಮ್ಮ ಆರ್ಡರ್ ಟೇಬಲ್‌ನ ಐಡಿ, ಅಂದರೆ ಪ್ರತಿ ಸಾಲನ್ನು ಗುರುತಿಸುವ ಪ್ರೈಮರಿ ಕೀ, 190 ಕೋಟಿ ದಾಟಿತ್ತು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 4 ಬೈಟ್ ಇಂಟಿಜರ್ ಕಾಲಂ 2,14,74,83,647ಕ್ಕೆ ನಿಂತುಬಿಡುತ್ತದೆ. ಹಳೆಯ ಸಾಲುಗಳನ್ನು ಅಳಿಸಿದರೂ ನಂಬರ್ ಹಿಂದೆ ಬರುವುದಿಲ್ಲ ಅಲ್ವಾ? 8 ಬೈಟ್‌ನ ಬಿಗ್‌ಇಂಟ್‌ಗೆ ಹೋಗಲೇಬೇಕಿತ್ತು. ಟೇಬಲ್‌ನ ಕಾಪಿ ಮಾಡಿಕೊಂಡು ಎರಡು ದಾರಿ ನೋಡಿದೆ.

ಮೊದಲನೆಯದು ನೇರವಾಗಿ ಆಲ್ಟರ್ ಟೇಬಲ್. ಒಂದೇ ಸಾಲಿನ ಕಮಾಂಡ್. ಆದರೆ 4 ಬೈಟ್ 8 ಆಗುವುದರಿಂದ ಇಡೀ ಟೇಬಲ್ ಹೊಸದಾಗಿ ಬರೆಯಲ್ಪಡುತ್ತದೆ, ಹುಡುಕಾಟ ಬೇಗ ಆಗಲು ಇರುವ ಇಂಡೆಕ್ಸ್‌ಗಳೂ ಮತ್ತೆ ಕಟ್ಟಿಕೊಳ್ಳುತ್ತವೆ. ಅಲ್ಲಿಯವರೆಗೆ ಟೇಬಲ್‌ಗೆ ಲಾಕ್ ಬಿದ್ದು, ಬರೀ ಓದುವ ಸೆಲೆಕ್ಟ್ ಕೂಡ ಕಾಯಬೇಕು. ಡಿಸ್ಕ್‌ನಲ್ಲಿ ಟೇಬಲ್‌ನಷ್ಟೇ ಜಾಗ ಇನ್ನೊಂದು ಪಾಲು ಬೇಕು. ಕಮಾಂಡ್ ಕೊಟ್ಟು ಊಟ ಮುಗಿಸಿ ಬಂದೆ, ಇನ್ನೂ ಓಡುತ್ತಲೇ ಇತ್ತು. ಕೆಲವು ಲಕ್ಷ ಸಾಲಿನ ಟೇಬಲ್ ಆದರೆ ಸುಮ್ನೆ ಇದನ್ನೇ ಮಾಡಿ, ಜಾಸ್ತಿ ಯೋಚಿಸಬೇಡಿ.

ಎರಡನೆಯದು: ಖಾಲಿ ಬಿಗ್‌ಇಂಟ್ ಕಾಲಂ ಸೇರಿಸಿ, ಹೊಸ ಸಾಲುಗಳ ಐಡಿಯನ್ನು ತಾನಾಗಿ ಅಲ್ಲಿಗೂ ಬರೆಯುವ ಟ್ರಿಗರ್ ಹಾಕಿ, ಹಳೆಯವನ್ನು ಕಂತುಕಂತಾಗಿ ತುಂಬುವುದು. ಮೊದಲ ಸಲ 5 ಲಕ್ಷದ ಕಂತು ಮಾಡಿದೆ. ಪ್ರತಿ ಅಪ್‌ಡೇಟ್ ಒಂದು ಸತ್ತ ಸಾಲನ್ನು ಬಿಟ್ಟುಹೋಗುತ್ತದೆ, ಅವನ್ನು ಗುಡಿಸುವ ವ್ಯಾಕ್ಯೂಮ್ ಹಿಂದೆ ಬಿದ್ದು ಟೇಬಲ್ ಊದಿಕೊಂಡಿತು. 10,000ಕ್ಕೆ ಇಳಿಸಿ, ನಡುವೆ ಉಸಿರಾಡಲು ಬಿಟ್ಟ ಮೇಲೆ ಸರಿಹೋಯಿತು. ಆಮೇಲೆ ಯೂನಿಕ್ ಇಂಡೆಕ್ಸ್ ಅನ್ನು ಕನ್ಕರೆಂಟ್ಲಿ (ಬರೆಯುವುದನ್ನು ತಡೆಯದೆ) ಕಟ್ಟಿ, ಅದನ್ನೇ ಪ್ರೈಮರಿ ಕೀ ಮಾಡಿದರೆ ಲಾಕ್ ಇರುವುದು ಕೊನೆಯ ಅದಲುಬದಲಿಗೆ ಮಾತ್ರ. ಅದಕ್ಕೂ ಮುಂಚೆ ನಾಟ್ ನಲ್ ಚೆಕ್ (ಕಾಲಂ ಖಾಲಿ ಇರಬಾರದು ಎಂಬ ನಿಯಮ) ಹಾಕಿ ವ್ಯಾಲಿಡೇಟ್ ಮಾಡಿಸಿ. ಇಲ್ಲದಿದ್ದರೆ ಆ ಹೊತ್ತಿನಲ್ಲೇ ಇಡೀ ಟೇಬಲ್ ಓದಲು ಕೂರುತ್ತದೆ. ಚೆಕ್ ಇದ್ದರೆ ಈ ಓದು ತಪ್ಪುವುದು 12ನೇ ಆವೃತ್ತಿಯಿಂದ ಈಚೆಗೆ.

ಎರಡೂ ದಾರಿಯಲ್ಲಿ ನನ್ನನ್ನು ಕಾಡಿದ್ದು ಕಾಲಂ ಅಲ್ಲ, ಅದರ ನೆಂಟರು. ಫಾರಿನ್ ಕೀ ಮೂಲಕ ಈ ಐಡಿಯನ್ನು ತೋರಿಸುವ ಟೇಬಲ್‌ಗಳಲ್ಲೂ ಇಂಟಿಜರೇ ಇರುತ್ತದೆ, ಅವನ್ನೂ ಹಿಗ್ಗಿಸಬೇಕು. ಅವು ಅಂಟಿಕೊಂಡಿರುವವರೆಗೆ ಹಳೆಯ ಕೀ ತೆಗೆಯಲು ಪೋಸ್ಟ್‌ಗ್ರೆಸ್ ಬಿಡುವುದೂ ಇಲ್ಲ. ಸೀರಿಯಲ್ (ನಂಬರ್ ತಾನಾಗಿ ತುಂಬುವ ಬಗೆ) ಎಂದು ಮಾಡಿದ ಕಾಲಂ ಆದರೆ, 10ನೇ ಆವೃತ್ತಿಯಿಂದ ಮುಂದಿನ ನಂಬರ್ ಕೊಡುವ ಅದರ ಸೀಕ್ವೆನ್ಸ್ ಕೂಡ ಇಂಟಿಜರೇ. ಕಾಲಂ ದೊಡ್ಡದಾದರೂ ಸೀಕ್ವೆನ್ಸ್ ಅದೇ ಹಳೆಯ ನಂಬರಿಗೆ ನಿಲ್ಲುತ್ತದೆ! ಇದು ಗೊತ್ತಾಗಿದ್ದು ಕಾಪಿಯಲ್ಲಿ, ಪುಣ್ಯ.

ಪ್ರೊಡಕ್ಷನ್‌ಗೆ ಎರಡನೆಯದನ್ನೇ ಆರಿಸಿದೆ. ದಿನಗಟ್ಟಲೆ ಹಿಡಿಯಿತು, ಆದರೆ ಗ್ರಾಹಕರಿಗೆ ಗೊತ್ತೇ ಆಗಲಿಲ್ಲ.

ಸೀಕ್ವೆನ್ಸ್ ಅನ್ನು ಮೈನಸ್ 214 ಕೋಟಿಯಿಂದ ಶುರು ಮಾಡಿ ಸಮಯ ಕೊಳ್ಳುವ ಉಪಾಯವೂ ಇದೆ. ನಾನು ಅದಕ್ಕೆ ಕೈಹಾಕಲಿಲ್ಲ. ನಮ್ಮಲ್ಲಿ ಅರ್ಧಕ್ಕರ್ಧ ಪೇಜ್‌ಗಳು ಐಡಿ ದೊಡ್ಡದಿದ್ದರೆ ಹೊಸ ಆರ್ಡರ್ ಎಂದೇ ಮೇಲೆ ಇಡುತ್ತವೆ.